ಅಜ್ಜಿ ಹೋದಳೋ, ಹೋದರೋ?

ಮೂರನೇ ತರಗತಿಯ ಹುಡುಗನೊಬ್ಬ ನನ್ನೆದುರು ಕುಳಿತು ‘ಅಜ್ಜಿ ಸಂತೆಗೆ ಹೋದರು’ ಎಂದು ಓದಿದ. ಹಾಳೆಯಲ್ಲಿದ್ದದ್ದು ‘ಹೋದಳು’. ‘ಊಹಿಸಿ ಓದುತ್ತಾನೆ, ಗಮನವೇ ಇಲ್ಲ’ ಎಂದು ತಾಯಿ ನೊಂದುಕೊಂಡರು. ಓದಲು ಕಷ್ಟಪಡುವ ಮಕ್ಕಳೊಂದಿಗೆ ಕೆಲಸ ಮಾಡುವ ನನಗೆ ಆ ತಪ್ಪು ಭರವಸೆಯನ್ನೇ ಕೊಟ್ಟಿತು. ಅವರ ಮನೆಯಲ್ಲಿ ಅಜ್ಜಿಯ ಬಗ್ಗೆ ಯಾರೂ ಏಕವಚನದಲ್ಲಿ ಮಾತನಾಡುವುದಿಲ್ಲ. ‘ಅಜ್ಜಿ’ ಎಂದು ಓದಿದಾಗಲೇ ವಾಕ್ಯದ ತುದಿಯ ‘ರು’ ಅವನ ನಾಲಿಗೆಯ ಮೇಲೆ ಬಂದು ಕುಳಿತಿತ್ತು.

ಈ ಊಹೆಯ ಬೇರು ತೊಟ್ಟಿಲಲ್ಲೇ ಇದೆ. 1996ರಲ್ಲಿ ಮನೋವಿಜ್ಞಾನಿ ಜೆನ್ನಿ ಸ್ಯಾಫ್ರನ್ ಮತ್ತು ಸಂಗಡಿಗರು ಎಂಟು ತಿಂಗಳ ಶಿಶುಗಳಿಗೆ ಅರ್ಥವಿಲ್ಲದ ಧ್ವನಿಗಳ ಸರಣಿಯನ್ನು ಎಲ್ಲೂ ತಡೆಯದೆ 2 ನಿಮಿಷ ಕೇಳಿಸಿದರು. ಸದಾ ಜೊತೆಯಾಗಿ ಬರುವ ಧ್ವನಿಗಳು ಯಾವುವು, ಆಗೊಮ್ಮೆ ಈಗೊಮ್ಮೆ ಅಕ್ಕಪಕ್ಕ ಬೀಳುವವು ಯಾವುವು ಎಂಬುದನ್ನು ಅಷ್ಟರಲ್ಲೇ ಶಿಶುಗಳು ಗುರುತಿಸಿದ್ದವು.

ಓದುವಾಗ ಇದೇ ಕೆಲಸ ಕಣ್ಣಿಗೆ ಬರುತ್ತದೆ. ಕನ್ನಡದಲ್ಲಿ ಅದು ಸುಲಭವಲ್ಲ. ಕಾಗುಣಿತದ ಜಾಡು ಹಿಡಿದ ಮಗು ‘ಅಕ್ಕ’, ‘ಅಜ್ಜ’ ಓದುತ್ತದೆ. ಅಲ್ಲಿ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ‘ಅಮ್ಮ’, ‘ಅತ್ತೆ’, ‘ಅಲ್ಲಿ’ ಎದುರಾದಾಗ ತಡವರಿಸುತ್ತದೆ. ತ, ನ, ಮ, ಯ, ರ, ಲ ಒತ್ತುಗಳಿಗೆ ಬೇರೆಯದೇ ಆಕಾರ. ಮಗು ಮೊದಲು ಆಡುವ ಮಾತಿನಲ್ಲೇ ಈ ತೊಡಕು ಇದೆ ಎಂಬುದನ್ನು ನಾವು ದೊಡ್ಡವರು ಮರೆತಿರುತ್ತೇವೆ. ‘ಸೂರ್ಯ’ದಲ್ಲಂತೂ ಅರ್ಕಾವತ್ತು ಕಣ್ಣಿಗೆ ಕೊನೆಯಲ್ಲಿ ಸಿಗುತ್ತದೆ, ಬಾಯಿಗೆ ಮೊದಲು ಬರಬೇಕು. ಒಂದೇ ಒತ್ತಕ್ಷರವನ್ನು ಪುಟ ತುಂಬ ತಿದ್ದಿಸುವುದಕ್ಕಿಂತ ಹತ್ತು ಬೇರೆ ಬೇರೆ ಪದಗಳಲ್ಲಿ ಅದನ್ನು ಭೇಟಿ ಮಾಡಿಸುವುದು ಮೇಲು ಎಂಬುದು ನನ್ನ ಅನುಭವ.

ನನಗೆ ಹೆಚ್ಚು ಕಳವಳ ತರುವುದು ಇನ್ನೊಂದು ಬಗೆಯ ಮಗು. ‘ಹೋ… ದ… ಳು’ ಎಂದು ಒಂದಕ್ಷರವೂ ತಪ್ಪದೆ ಓದುತ್ತದೆ. ಯಾರು ಹೋದರು ಎಂದು ಕೇಳಿದರೆ ಸುಮ್ಮನಾಗುತ್ತದೆ. ತಪ್ಪಿಲ್ಲದ ಕಾರಣ ಮನೆಯವರೂ ನಿಶ್ಚಿಂತರು. ಅಂಥ ಮಗುವಿಗೆ ನಾನು ಕಥೆ ಓದಿ ಹೇಳುತ್ತೇನೆ, ಕ್ರಿಯಾಪದಕ್ಕೆ ಮುನ್ನ ನಿಲ್ಲಿಸುತ್ತೇನೆ: ‘ಮಳೆ ಜೋರಾಗಿ…’ ಉಳಿದದ್ದನ್ನು ಮಗುವೇ ತುಂಬಬೇಕು. ಬಿಟ್ಟ ಸ್ಥಳ ತುಂಬಿಸುವ ಈ ಕ್ರಮವನ್ನು ಸಂಶೋಧಕ ವಿಲ್ಸನ್ ಟೇಲರ್ 1953ರಲ್ಲೇ ಒಂದು ಬರಹ ಓದಲು ಎಷ್ಟು ಸುಲಭ ಎಂಬುದರ ಅಳತೆಗೋಲಾಗಿ ಬಳಸಿದ್ದರು.

ಹಾಗೆಂದು ‘ಮನೆ’ ಇದ್ದಲ್ಲಿ ಮೊದಲಕ್ಷರ ನೋಡಿ ‘ಮರ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಊಹೆ ಮುಂದೆ ಓಡಲಿ, ತೀರ್ಪು ಕಣ್ಣಿನದಾಗಿರಬೇಕು. ಆ ಹುಡುಗನಿಗೂ ‘ಊಹಿಸಬೇಡ’ ಎನ್ನಲಿಲ್ಲ. ‘ನೀನು ಹೇಳಿದ್ದು ಒಳ್ಳೆಯ ಕನ್ನಡ. ಕೊನೆಯ ಅಕ್ಷರ ನೋಡು’ ಎಂದೆ. ಬೆರಳಿಟ್ಟು ‘ಳು’ ಎಂದ. ಆಮೇಲೆ ತಲೆಯೆತ್ತಿ, ಅಜ್ಜಿಗೆ ಹಾಗೇಕೆ ಬರೆದಿದ್ದಾರೆ ಎಂದು ಕೇಳಿದ.