ಮೀಯುವ ನೀರಿಗೊಂದು ಅಳತೆ: ಕಡಲತೀರದಿಂದ ಕೂಡಲಸಂಗಮಕ್ಕೆ

ಬೆಳಗಾವಿಯವರಿಗೆ ಕಡಲೆಂದರೆ ಚೋರ್ಲಾ ಘಾಟಿನ ಆಚೆಯ ಗೋವಾ. ಅಲೆಗಳಲ್ಲಿ ಆಡಿ ಬಂದ ಮಕ್ಕಳಿಗೆ ಮರುದಿನ ವಾಂತಿ-ಭೇದಿ ಶುರುವಾದರೆ ಮನೆಯವರು ಹೊರಗಿನ ಊಟವನ್ನು ದೂರುತ್ತಾರೆಯೇ ಹೊರತು ಮಿಂದ ನೀರನ್ನು ಶಂಕಿಸುವುದು ಅಪರೂಪ. ವೈದ್ಯವಿಜ್ಞಾನ ಕೂಡ ಬಹುಕಾಲ ಆ ನೀರನ್ನು ಶಂಕಿಸಿರಲಿಲ್ಲ.

1854ರಲ್ಲಿ ಜಾನ್ ಸ್ನೋ ಲಂಡನ್ನಿನ ಕಾಲರಾ ಸಾವುಗಳಿಗೂ ಒಂದು ಕೈಪಂಪಿಗೂ ಇದ್ದ ನಂಟನ್ನು ತೋರಿಸಿದ. 1885ರಲ್ಲಿ ಥಿಯೋಡೋರ್ ಎಷರಿಕ್ ಮನುಷ್ಯನ ಕರುಳಿನಲ್ಲಿ ವಾಸಿಸುವ, ಇಂದು ಇ. ಕೋಲಿ ಎಂದು ಹೆಸರಾದ ಬ್ಯಾಕ್ಟೀರಿಯಾವನ್ನು ವಿವರಿಸಿದ ಬಳಿಕ, ನೀರಿಗೆ ಮಲ ಬೆರೆತಿದೆಯೇ ಎಂದು ಪರೀಕ್ಷಿಸುವ ದಾರಿ ತೆರೆಯಿತು. ಆದರೆ ಆ ಎಚ್ಚರವೆಲ್ಲ ಕುಡಿಯುವ ನೀರಿಗೆ ಮೀಸಲಾಗಿತ್ತು. ಕರಾವಳಿಯ ನಗರಗಳು ಕೊಳಚೆಯನ್ನು ಕೊಳವೆಗಳ ಮೂಲಕ ಸಮುದ್ರಕ್ಕೆ ಬಿಟ್ಟು, ಉಪ್ಪೂ ಬಿಸಿಲೂ ಅದನ್ನು ಶುದ್ಧಗೊಳಿಸುತ್ತವೆಂದು ನಂಬಿದ್ದವು.

ಬ್ರಿಟನ್ನಿನಲ್ಲಿ ಪೋಲಿಯೊ ಭೀತಿ ಹಬ್ಬಿದಾಗ ಈ ನಂಬಿಕೆ ಪ್ರಶ್ನೆಗೊಳಗಾಯಿತು. ಹಲವು ಕಡಲತೀರಗಳನ್ನು ಅಧ್ಯಯನ ಮಾಡಿ 1959ರಲ್ಲಿ ಪ್ರಕಟವಾದ ಅಲ್ಲಿನ ಅಧಿಕೃತ ವರದಿಯು, ನೋಡಿದೊಡನೆ ಅಸಹ್ಯವಾಗುವಷ್ಟು ಹೊಲಸಾಗಿರದ ಕಡಲನೀರಿನಲ್ಲಿ ಮಿಂದರೆ ಗಂಭೀರ ಕಾಯಿಲೆಯ ಅಪಾಯ ಇಲ್ಲವೆನ್ನುವಷ್ಟು ಕಡಿಮೆ ಎಂದು ತೀರ್ಮಾನಿಸಿತು. ಇದು ದೊಡ್ಡ ಹಾನಿ ಮಾಡಿದ ತೀರ್ಮಾನವೆಂದೇ ನನ್ನ ಎಣಿಕೆ. ಪೋಲಿಯೊ, ಟೈಫಾಯ್ಡ್‌ನಂತಹ ದೊಡ್ಡ ರೋಗಗಳನ್ನು ಹುಡುಕಿದವರು ಆಸ್ಪತ್ರೆಯ ದಾಖಲೆಗೆ ಬಾರದ ಹೊಟ್ಟೆನೋವು, ಭೇದಿ, ಕಿವಿಸೋರಿಕೆಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನೀರಿನ ಶುದ್ಧಿಯನ್ನು ಅಳೆಯುವ ಕೆಲಸವೂ ಕಣ್ಣು-ಮೂಗುಗಳ ಪಾಲಿಗೆ ಬಂತು.

1970ರ ದಶಕದಲ್ಲಿ ಅಮೆರಿಕದ ವಿಕ್ಟರ್ ಕಬೆಲ್ಲಿ ಮತ್ತು ಸಂಗಡಿಗರು, ನ್ಯೂಯಾರ್ಕ್ ಮೊದಲಾದ ಕಡೆ ಈಜಿದವರನ್ನೂ ಈಜದವರನ್ನೂ ನಂತರದ ದಿನಗಳಲ್ಲಿ ವಿಚಾರಿಸಿ, ನೀರಿನಲ್ಲಿ ಎಂಟರೊಕಾಕೈ ಎಂಬ ಕರುಳಿನ ಬ್ಯಾಕ್ಟೀರಿಯಾ ಹೆಚ್ಚಿದಂತೆ ಹೊಟ್ಟೆಯ ಕಾಯಿಲೆಯೂ ಹೆಚ್ಚುವುದನ್ನು ಕಂಡುಕೊಂಡರು. ಇ. ಕೋಲಿ ಉಪ್ಪುನೀರಿನಲ್ಲಿ ಬೇಗ ಸಾಯುತ್ತದೆ. ಎಂಟರೊಕಾಕೈ ಹೆಚ್ಚು ಕಾಲ ಉಳಿಯುವುದರಿಂದ ಕಡಲಿಗೆ ಅದೇ ಉತ್ತಮ ಸೂಚಕ. ಇದನ್ನು ಆಧರಿಸಿ ಅಮೆರಿಕ 1986ರಲ್ಲಿ ಕಡಲನೀರಿಗೆ 100 ಮಿಲಿಲೀಟರಿಗೆ ಸರಾಸರಿ 35 ಎಂಟರೊಕಾಕೈಗಳ ಮಿತಿ ಹಾಕಿತು. ಅನಂತರ ಬ್ರಿಟನ್ನಿನ ನಾಲ್ಕು ತೀರಗಳಲ್ಲಿ ಸಾವಿರಕ್ಕೂ ಹೆಚ್ಚು ವಯಸ್ಕ ಸ್ವಯಂಸೇವಕರನ್ನು ಚೀಟಿ ಎತ್ತಿದಂತೆ ವಿಂಗಡಿಸಿ, ಕೆಲವರನ್ನು ನೀರಿಗಿಳಿಸಿ, ಉಳಿದವರನ್ನು ದಡದಲ್ಲೇ ಇರಿಸಿ ನಡೆಸಿದ ಪ್ರಯೋಗ 1994ರಲ್ಲಿ ಪ್ರಕಟವಾಯಿತು. ಅದರಲ್ಲೂ ಈ ಸಂಬಂಧ ದೃಢಪಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ 2003ರ ಮಾರ್ಗಸೂಚಿ ಮುಖ್ಯವಾಗಿ ಈ ಪ್ರಯೋಗವನ್ನೇ ನೆಚ್ಚಿದೆ.

ಭಾರತದಲ್ಲಿ ಸ್ನಾನಕ್ಕೆ ಒದಗುವ ಕಡಲನೀರಿನ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರಂ (ಇ. ಕೋಲಿಯೂ ಸೇರಿದ ಬ್ಯಾಕ್ಟೀರಿಯಾಗಳ ಗುಂಪು) 100ನ್ನು ಮೀರಬಾರದು. ನದಿಸ್ನಾನಕ್ಕೆ 2000ದಲ್ಲಿ ಗೊತ್ತುಪಡಿಸಿದ ಮಾನದಂಡದಲ್ಲಿ ಅಪೇಕ್ಷಿತ ಮಟ್ಟ 500, ಗರಿಷ್ಠ 2500.

ಕಡಲಿನಿಂದ ದೂರವಿರುವ ನಮ್ಮ ಜಿಲ್ಲೆಗಳಿಗೆ ಈ ಚರಿತ್ರೆ ಮುಖ್ಯವಾಗುವುದು ಇಲ್ಲಿಯೇ. ಚೋರ್ಲಾ ಹಾದಿಯ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ, ನವಿಲುತೀರ್ಥ, ಪಟ್ಟದಕಲ್ಲುಗಳನ್ನು ದಾಟಿ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಬೆಳಗಾವಿಯ ಕೊಳಚೆ ಹೊತ್ತ ಬಳ್ಳಾರಿ ನಾಲಾ ಘಟಪ್ರಭೆಯ ಕಣಿವೆಗೆ ಇಳಿಯುತ್ತದೆ. ಕೂಡಲಸಂಗಮದ ಬಳಿ ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಹರಿವು ನಿಧಾನವಾದಾಗ ಬ್ಯಾಕ್ಟೀರಿಯಾಗಳು ಮಣ್ಣಿನ ಕಣಗಳೊಂದಿಗೆ ತಳ ಸೇರುವುದರಿಂದ ಮೇಲಿನ ನೀರು ತಿಳಿಯಾಗಿ ಕಾಣುತ್ತದೆ. ಸಾವಿರಾರು ಜನ ಒಮ್ಮೆಲೇ ಇಳಿದು ಕೆಸರು ಕದಡಿದರೆ ಅವು ಮತ್ತೆ ಮೇಲೇಳಬಲ್ಲವು. ಮೀಯುವವರಿಲ್ಲದ ಯಾವುದೋ ದಿನ ತೆಗೆದ ಮಾದರಿ ಸಂಕ್ರಾಂತಿಯ ಜನಸಂದಣಿಯ ನೀರನ್ನು ಪ್ರತಿನಿಧಿಸಲಾರದು.

ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವ ಪರೀಕ್ಷೆಗೆ ಕನಿಷ್ಠ ಒಂದು ದಿನ ಬೇಕು. ಆದ್ದರಿಂದ ಹಬ್ಬಕ್ಕೆ ಮೊದಲಿನ ದಿನಗಳಲ್ಲಿಯೂ ಹಬ್ಬದ ನಡುವೆಯೂ ಮಾದರಿ ತೆಗೆದು, ಕೋಲಿಫಾರಂ ಜೊತೆಗೆ ಎಂಟರೊಕಾಕೈಯನ್ನೂ ಎಣಿಸಿ, ಆ ಅಂಕಿಗಳನ್ನು ಸ್ನಾನಘಟ್ಟದ ಮೆಟ್ಟಿಲ ಬಳಿಯೇ ಕನ್ನಡದಲ್ಲಿ ಬರೆದು ಹಾಕಬೇಕು. ಮಗುವನ್ನು ನೀರಿಗಿಳಿಸುವ ಮುನ್ನ ತಾಯಿಯೊಬ್ಬಳು ಅದನ್ನು ಓದುವಂತಿರಬೇಕು.