ಹತ್ತರಲ್ಲಿ ಯಾವುದಾದರೂ ಮೂರು: ಪೀರ್-ಟು-ಪೀರ್ ಸ್ಟೋರೇಜ್ ಟಿಪ್ಪಣಿ

ಪೀರ್-ಟು-ಪೀರ್ ಸ್ಟೋರೇಜ್‌ನಲ್ಲಿ ನಿಮ್ಮ ಫೈಲ್ ಇರುವುದು ಯಾರದ್ದೋ ಕಂಪ್ಯೂಟರಿನಲ್ಲಿ. ಅವರು ರಾತ್ರಿ ಆಫ್ ಮಾಡಿ ಮಲಗಬಹುದು. ಡಿಸ್ಕ್ ತುಂಬಿತು ಅಂತ ನೆಟ್‌ವರ್ಕನ್ನೇ ಬಿಟ್ಟು ಹೋಗಬಹುದು. ಮಲಗಿದರೆ ಫೈಲ್ ಬೆಳಿಗ್ಗೆ ಸಿಗುತ್ತದೆ, ಬಿಟ್ಟು ಹೋದರೆ ಹೋಯಿತು. ಮೊದಲನೆಯದು ಅವೈಲಬಿಲಿಟಿ ಸಮಸ್ಯೆ, ಎರಡನೆಯದು ಡ್ಯೂರಬಿಲಿಟಿ ಸಮಸ್ಯೆ. ಮೊದಲನೆಯದರಿಂದ ಶುರು ಮಾಡೋಣ.

ಉದಾಹರಣೆಗೆ ಹೀಗೆ ಹಲವು ಕಂಪ್ಯೂಟರುಗಳಲ್ಲಿ ಫೈಲ್ ಹಂಚಿ ಇಡುವ ತಾಹೋ-ಲಾಫ್ಸ್ ಅನ್ನುವ ಸಾಫ್ಟ್‌ವೇರ್ ತೆಗೆದುಕೊಂಡಿದ್ದೇನೆ. ಅದರ ಡೀಫಾಲ್ಟ್ ಸೆಟ್ಟಿಂಗ್ 3, 7, 10. ಫೈಲನ್ನು ಎನ್‌ಕ್ರಿಪ್ಟ್ ಮಾಡಿ 10 ತುಣುಕು ಮಾಡುತ್ತದೆ. ಅದರಲ್ಲಿ ಯಾವುದಾದರೂ 3 ಸಿಕ್ಕರೆ ಪೂರ್ತಿ ಫೈಲ್ ವಾಪಸ್. ಒಂದೊಂದು ತುಣುಕು ಫೈಲಿನ ಮೂರನೇ ಒಂದು ಭಾಗದಷ್ಟಿರುತ್ತದೆ. ಹಾಗಾಗಿ 30 ಎಂಬಿ ಫೈಲ್ 100 ಎಂಬಿ ಜಾಗ ತಿನ್ನುತ್ತದೆ. 7ರ ವಿಷಯ ಆಮೇಲೆ.

"ಯಾವುದಾದರೂ" ಅನ್ನುವುದು ಹೇಗೆ ಸಾಧ್ಯ?

ಇಲ್ಲಿ ಅವಸರ ಮಾಡಬೇಡಿ. ಚಿಕ್ಕದಾಗಿ ನೋಡೋಣ: 4ರಲ್ಲಿ ಯಾವುದಾದರೂ 2. ನಿಮ್ಮ ಡೇಟಾ ಎರಡು ಸಂಖ್ಯೆ, 4 ಮತ್ತು 7. ಗ್ರಾಫ್ ಹಾಳೆಯಲ್ಲಿ 0ರ ಮೇಲೆ 4, 1ರ ಮೇಲೆ 7 ಗುರುತು ಹಾಕಿ ಗೆರೆ ಎಳೆಯಿರಿ. ಗೆರೆ ಮುಂದುವರಿದರೆ 2ರ ಮೇಲೆ 10, 3ರ ಮೇಲೆ 13. ಈಗ ನಾಲ್ಕು ತುಣುಕು: 4, 7, 10, 13. ಮೊದಲ ಎರಡು ಕಳೆದುಹೋದವು ಅಂದುಕೊಳ್ಳಿ. ಕೈಯಲ್ಲಿ 10 ಮತ್ತು 13 ಇವೆ. ಒಂದು ಹೆಜ್ಜೆಗೆ 3 ಏರುತ್ತಿದೆ, ಹಿಂದಕ್ಕೆ ಬನ್ನಿ: 7, 4. ಡೇಟಾ ಸಿಕ್ಕಿತು! ಯಾವ ಎರಡು ಬಿಂದು ಕೊಟ್ಟರೂ ಗೆರೆ ಅದೇ, ಅಲ್ವಾ? ಮೂರು ಬೇಕಾದರೆ ನೇರ ಗೆರೆಯ ಬದಲು ಪ್ಯಾರಾಬೋಲಾ. ರೀಡ್ ಮತ್ತು ಸೊಲೊಮನ್ 1960ರಲ್ಲಿ ಕೊಟ್ಟ ಕೋಡಿನ ತಿರುಳು ಇಷ್ಟೇ. ಸಂಖ್ಯೆಗಳು ಬೆಳೆದು ಬೈಟ್ ಮೀರಬಾರದು ಅಂತ ನಿಜವಾದ ಲೆಕ್ಕ ಫೈನೈಟ್ ಫೀಲ್ಡ್‌ನಲ್ಲಿ ನಡೆಯುತ್ತದೆ, ಅದನ್ನು ಸದ್ಯಕ್ಕೆ ಬಿಡಿ.

ಇದರಿಂದ ಲಾಭ ಎಷ್ಟು?

ಸುಮ್ನೆ 3 ಕಾಪಿ ಇಡುವುದಕ್ಕೆ ಹೋಲಿಸೋಣ. ಜಾಗ ಹತ್ತಿರ ಹತ್ತಿರ ಅಷ್ಟೇ, 90 ಎಂಬಿ.

ಪ್ರತಿ ನೋಡ್, ಅಂದರೆ ಕಾಪಿ ಅಥವಾ ತುಣುಕು ಇಟ್ಟಿರುವ ಒಂದೊಂದು ಕಂಪ್ಯೂಟರ್, ಆನ್ ಇರುವ ಸಾಧ್ಯತೆ ಅರ್ಧ ಅಂದುಕೊಳ್ಳಿ. ಮೂರೂ ಕಾಪಿ ಆಫ್ ಇರುವುದು 8ಕ್ಕೆ 1, ಅಂದರೆ 12.5%. ತುಣುಕಿನ ಪದ್ಧತಿಯಲ್ಲಿ ಫೈಲ್ ಸಿಗದಿರಬೇಕಾದರೆ 2 ಅಥವಾ ಅದಕ್ಕಿಂತ ಕಡಿಮೆ ನೋಡ್ ಆನ್ ಇರಬೇಕು. 10 ನೋಡ್‌ಗಳ ಆನ್-ಆಫ್ ಜೋಡಣೆ ಒಟ್ಟು 1024. ಒಂದೂ ಆನ್ ಇಲ್ಲದ್ದು 1, ಒಂದೇ ಆನ್ ಇರುವುದು 10, ಎರಡು ಆನ್ ಇರುವುದು 45. ಒಟ್ಟು 56, ಅಂದರೆ ಸುಮಾರು 5.5%.

ನೋಡ್ 90% ಹೊತ್ತು ಆನ್ ಇದ್ದರಂತೂ ಕಾಪಿ ಪದ್ಧತಿ ಸಾವಿರಕ್ಕೆ 1 ಸಲ ಕೈಕೊಡುತ್ತದೆ, ತುಣುಕಿನದು ಕೋಟಿಗೆ ಸುಮಾರು 4 ಸಲ.

ಆದರೆ ನೋಡ್ ಬರೀ 25% ಹೊತ್ತು ಆನ್ ಇದ್ದರೆ? ಕಾಪಿ 42% ಸಲ ಸಿಗುವುದಿಲ್ಲ. ತುಣುಕಿನದು 53% ಸಲ ಸಿಗುವುದಿಲ್ಲ! ತುಣುಕೇ ಸೋಲುತ್ತದೆ. ಹತ್ತರಲ್ಲಿ ಸರಾಸರಿ ಎರಡೂವರೆ ನೋಡ್ ಆನ್, ನಮಗೆ ಬೇಕಾದದ್ದು ಮೂರು. ಎರೇಷರ್ ಕೋಡಿಂಗ್ (ಈ ತುಣುಕಿನ ಪದ್ಧತಿಯ ಹೆಸರು) ಯಾವಾಗಲೂ ಮೇಲು ಅಂತ ಬರೆಯುವವರು ಈ ಸಾಲನ್ನು ನುಂಗಿಬಿಡುತ್ತಾರೆ. ಅದು ಮಾಡುವುದು ಇಷ್ಟೇ: ನೆಟ್‌ವರ್ಕ್ ಚೆನ್ನಾಗಿದ್ದರೆ ಇನ್ನೂ ಚೆನ್ನಾಗಿಸುತ್ತದೆ, ಕೆಟ್ಟದ್ದನ್ನು ಇನ್ನೂ ಕೆಡಿಸುತ್ತದೆ.

7 ಯಾಕೆ?

ಮೇಲಿನ ಲೆಕ್ಕವೆಲ್ಲ ನೋಡ್‌ಗಳು ಬೇರೆ ಬೇರೆಯಾಗಿ ಕೆಡುತ್ತವೆ ಅನ್ನುವ ನಂಬಿಕೆಯ ಮೇಲೆ ನಿಂತಿದೆ. ಹತ್ತೂ ತುಣುಕು ಒಂದೇ ಸರ್ವರಿನಲ್ಲಿ ಕೂತರೆ ಲೆಕ್ಕ ನೀರಿಗೆ. ಅದಕ್ಕೇ ಕನಿಷ್ಠ 7 ಬೇರೆ ಸರ್ವರುಗಳಿಗೆ ಹಂಚಲು ಆಗದಿದ್ದರೆ ಅಪ್‌ಲೋಡ್ ಫೇಲ್ ಅನ್ನುತ್ತದೆ ತಾಹೋ. ಆ ಏಳೂ ಒಂದೇ ಕಟ್ಟಡದಲ್ಲಿದ್ದು ಕರೆಂಟ್ ಹೋದರೆ ಅದಕ್ಕೆ ಗೊತ್ತಾಗುವುದಿಲ್ಲ, ಅದು ನೀವು ನೋಡಿಕೊಳ್ಳಬೇಕಾದದ್ದು.

ರಿಪೇರಿ

ಇದು ಡ್ಯೂರಬಿಲಿಟಿಯ ಪಾಲು. ಬಿಟ್ಟುಹೋದ ನೋಡಿನ 10 ಎಂಬಿ ತುಣುಕನ್ನು ಮತ್ತೆ ಹುಟ್ಟಿಸಲು 3 ತುಣುಕು, ಅಂದರೆ 30 ಎಂಬಿ, ಇಳಿಸಿಕೊಳ್ಳಬೇಕು. ದುಬಾರಿ. ಆದರೆ ಒಮ್ಮೆ ಇಳಿಸಿದರೆ ಕಳೆದ ಎಲ್ಲ ತುಣುಕನ್ನೂ ಅದರಿಂದಲೇ ಮಾಡಬಹುದು. ಹಾಗಾಗಿ ಒಂದು ಹೋದ ಕೂಡಲೇ ಓಡುವುದಕ್ಕಿಂತ, ಎರಡು ಮೂರು ಹೋಗುವವರೆಗೆ ಕಾದು ಒಟ್ಟಿಗೆ ರಿಪೇರಿ ಮಾಡುವುದು ಅಗ್ಗ. ಆಫ್ ಆಗಿದ್ದ ನೋಡ್ ಅಷ್ಟರಲ್ಲಿ ತಾನೇ ವಾಪಸ್ ಬರಲೂಬಹುದು. ಜಾಸ್ತಿ ಕಾಯುವಂತಿಲ್ಲ, 2ಕ್ಕೆ ಇಳಿದರೆ ರಿಪೇರಿಗೆ ಏನೂ ಉಳಿದಿರುವುದಿಲ್ಲ. ತಾಹೋದಲ್ಲಿ ಇದು ತಾನಾಗಿ ನಡೆಯುವುದೂ ಇಲ್ಲ. ಚೆಕ್ ಕಮಾಂಡನ್ನು ರಿಪೇರ್ ಆಯ್ಕೆ ಸೇರಿಸಿ ನೀವೇ ಓಡಿಸಬೇಕು, ಇಲ್ಲವೇ ಹೇಳಿದ ಹೊತ್ತಿಗೆ ಕಮಾಂಡ್ ತಾನೇ ಓಡಿಸುವ ಕ್ರಾನ್‌ಗೆ ಹಾಕಿಡಬೇಕು.