ಅರೋಮಾ ಹಾಪ್ ಅಂದರೆ ಕಹಿ ಇಲ್ಲದ ಹಾಪ್ ಅಲ್ಲ

'ಅರೋಮಾ ಹಾಪ್ ಹಾಕಿ ಒಂದು ಗಂಟೆ ಚೆನ್ನಾಗಿ ಕುದಿಸಿ, ಪರಿಮಳವೆಲ್ಲ ಬಿಟ್ಟುಕೊಳ್ಳುತ್ತದೆ.' ಬಿಯರಿಗೆ ಕಹಿ, ಘಮ ಎರಡನ್ನೂ ಕೊಡುವ ಹಾಪ್ ಹೂವಿನ ಬಗ್ಗೆ, ಅದರಲ್ಲೂ ಘಮಕ್ಕೆಂದು ಹಾಕುವ 'ಅರೋಮಾ ಹಾಪ್' ಬಗ್ಗೆ, ಈ ಸಲಹೆ ಮತ್ತೊಮ್ಮೆ ಕಣ್ಣಿಗೆ ಬಿತ್ತು. ಬಿಟ್ಟುಕೊಳ್ಳುತ್ತದೆ, ನಿಜ. ಬಿಯರಿಗಲ್ಲ, ಗಾಳಿಗೆ. ಇದರ ಜೊತೆಗೇ ಓಡಾಡುವ ಇನ್ನೊಂದು ಮಾತಿದೆ: 'ಅರೋಮಾ ಹಾಪ್ ಕಹಿ ಕೊಡಲ್ಲ, ಎಷ್ಟು ಬೇಕಾದ್ರೂ ಸುರೀರಿ.' ಅದೂ ತಪ್ಪು.

ಹಾಪ್ ಹೂವಿನೊಳಗಿನ ಹಳದಿ ಪುಡಿ, ಅಂದರೆ ಲುಪುಲಿನ್, ಎರಡನ್ನೂ ಹೊತ್ತಿರುತ್ತದೆ. ಒಂದು ಆಲ್ಫಾ ಆಮ್ಲ, ಇನ್ನೊಂದು ಎಣ್ಣೆ. ಆಲ್ಫಾ ಆಮ್ಲ ಕುದಿದು ರೂಪ ಬದಲಿಸಿದರೇನೇ ಬಿಯರಿಗೆ ಕಹಿ. ಎಣ್ಣೆಯದು ಉಲ್ಟಾ, ಕುದಿತ ಜಾಸ್ತಿಯಾದಷ್ಟೂ ಹಬೆಯ ಜೊತೆ ಹಾರಿಹೋಗುತ್ತದೆ. ಹಾಗಾಗಿ ಯಾವ ಹಾಪನ್ನೇ ಆಗಲಿ 60 ನಿಮಿಷ ಕುದಿಸಿದರೆ ಅದು ಕಹಿಯ ಹಾಪ್. 'ಅರೋಮಾ' ಅನ್ನುವುದು ಮುಖ್ಯವಾಗಿ ಅದಕ್ಕೆ ಒಪ್ಪಿಸಿದ ಕೆಲಸದ ಹೆಸರು.

ಲೆಕ್ಕ ಹಾಕಿ ನೋಡಿ. 20 ಲೀಟರ್ ಸಾಧಾರಣ ಗಟ್ಟಿಯ ವರ್ಟ್‌ಗೆ (ಹುದುಗುವ ಮೊದಲಿನ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಧಾನ್ಯದ ರಸಕ್ಕೆ) 30 ಐಬಿಯು ಕಹಿ ಬೇಕು ಅಂತಿಟ್ಟುಕೊಳ್ಳಿ. ಐಬಿಯು ಅಂದರೆ ಬಿಯರಿನ ಕಹಿಯ ಅಳತೆ. 13% ಆಲ್ಫಾ ಇರುವ ಮ್ಯಾಗ್ನಮ್ ತಳಿ ಆದರೆ ಸುಮಾರು 20 ಗ್ರಾಂ ಸಾಕು. 3.5% ಇರುವ ಸಾಜ್ ಆದರೆ 75 ಗ್ರಾಂ ಬೇಕಾಗುತ್ತದೆ. ಕಹಿ ಬಂತಲ್ವಾ? ದುಬಾರಿಯಾಗಿ ಬಂತು, ಅಷ್ಟೇ. ಹಾಗಂತ 'ಆಲ್ಫಾ ಕಡಿಮೆ ಇದ್ದರೆ ಅರೋಮಾ ಹಾಪ್' ಅಂತಲೂ ಗೆರೆ ಎಳೆಯಬೇಡಿ. ಸಿಟ್ರಾದಲ್ಲಿ 12% ಆಸುಪಾಸು ಆಲ್ಫಾ ಇರುತ್ತದೆ, ಆದರೂ ಜನ ಅದನ್ನು ಕೊಳ್ಳುವುದು ಮಾವು, ನಿಂಬೆಯ ಘಮಕ್ಕೆ.

ಈಗ ಪದಕ್ಕೆ ಬರೋಣ. ಅರೋಮಾ ಗ್ರೀಕ್ ಮೂಲದ್ದು, ಅಲ್ಲಿ ಮಸಾಲೆ ಅಥವಾ ಘಮದ ಗಿಡಮೂಲಿಕೆ ಅಂತ ಅರ್ಥ. ಕನ್ನಡದಲ್ಲಿ ಕೆಲವರು 'ಸುವಾಸನೆಯ ಹಾಪ್' ಅಂತ ಬರೆಯುತ್ತಾರೆ. ನನಗೆ ಆ 'ಸು' ಒಗ್ಗುವುದಿಲ್ಲ. ಹೆಸರುವಾಸಿ ಅರೋಮಾ ತಳಿಗಳಲ್ಲೂ ಕೆಲವೊಮ್ಮೆ ಈರುಳ್ಳಿ ಬೆಳ್ಳುಳ್ಳಿ ನಾತ ಇಣುಕುತ್ತದೆ, ಬೆಕ್ಕಿನ ಮೂತ್ರ ನೆನಪಿಸುವವೂ ಇವೆ. 'ವಾಸನೆ' ಅಂತಷ್ಟೇ ಬರೆದರೆ ಓದುವವರು ಮೊದಲೇ ಮೂಗು ಮುಚ್ಚಿಕೊಳ್ಳುತ್ತಾರೆ. ನನ್ನ ಓಟು 'ಪರಿಮಳ'ಕ್ಕೆ, ಅದೂ ಅದರ ಹಳೆಯ ಅರ್ಥಕ್ಕೆ. ಅಮರಕೋಶ ಪರಿಮಳವನ್ನು ಸುಮ್ನೆ ಒಳ್ಳೆಯ ಗಂಧ ಅನ್ನುವುದಿಲ್ಲ, ಉಜ್ಜಿದಾಗ ಏಳುವ ಮನಸೆಳೆಯುವ ಗಂಧ ಅನ್ನುತ್ತದೆ, ದೂರಕ್ಕೆ ಹಬ್ಬುವುದಕ್ಕೆ ಅಲ್ಲಿ ಆಮೋದ ಅಂತ ಬೇರೆಯೇ ಹೆಸರಿದೆ. ಹಾಪ್ ಆರಿಸುವವರು ಮಾಡುವುದೂ ಇದನ್ನೇ: ಒಂದಷ್ಟು ಹೂವನ್ನು ಅಂಗೈ ನಡುವೆ ಇಟ್ಟು ಗಸಗಸ ಉಜ್ಜುತ್ತಾರೆ, ಲುಪುಲಿನ್ ಒಡೆದು ಕೈ ಬಿಸಿಗೆ ಎಣ್ಣೆ ಏಳುತ್ತದೆ, ಆಗ ಮೂಸುತ್ತಾರೆ. ಸಾವಿರಾರು ಮೈಲಿ ಆಚೆ ಬೆಳೆಯುವ ಬಳ್ಳಿಗೆ ಇಷ್ಟು ಸರಿಯಾಗಿ ಕೂರುವ ಪದ ನಮ್ಮಲ್ಲೇ ಇರುವಾಗ 'ಸುವಾಸನೆ' ಯಾಕೆ?

ಆಯ್ಕೆಯಲ್ಲಿ ಇನ್ನೊಂದು ಗೊಂದಲ 'ನೋಬಲ್'. ಅದು ದರ್ಜೆಯಲ್ಲ. ಹ್ಯಾಲರ್ಟೌ ಮಿಟಲ್‌ಫ್ರೂ, ಟೆಟ್‌ನಾಂಗ್, ಷ್ಪಾಲ್ಟ್, ಸಾಜ್ ಎಂಬ ನಾಲ್ಕು ಹಳೆಯ ಯುರೋಪಿನ ತಳಿಗಳಿಗೆ ಅಂಟಿಕೊಂಡ ಹೆಸರು. ತೆಳು ಪಿಲ್ಸ್‌ನರ್ ಬಿಯರಿಗೆ ಸಾಜ್‌ನ ಹಸಿರು ಮೂಲಿಕೆಯಂಥ ಘಮ ಒಪ್ಪುತ್ತದೆ. ಅಲ್ಲಿ ಸಿಟ್ರಾ ಸುರಿದರೆ ಮಾಲ್ಟ್ ಎಲ್ಲಿದೆ ಅಂತ ಹುಡುಕಬೇಕು. ಪೇಲ್ ಏಲ್ ಬಿಯರನ್ನು ಮೊದಲ ಸಲ ಮಾಡುವವರು 1972ರಲ್ಲಿ ಅಮೆರಿಕದಲ್ಲಿ ಹೊರಬಂದ ಕ್ಯಾಸ್ಕೇಡ್ ಒಂದನ್ನೇ ಹಾಕಲಿ. ಚಕೋತದ ಸಿಪ್ಪೆ, ಸ್ವಲ್ಪ ಹೂವು, ಸಾಕು. ನಾಲ್ಕು ತಳಿ ಬೆರೆಸಿದರೆ ಯಾವುದು ಏನು ಮಾಡಿತು ಅಂತ ಎಂದೂ ಗೊತ್ತಾಗುವುದಿಲ್ಲ.

ಹಾಕುವ ಹೊತ್ತು ಮೂರು: ಕುದಿತದ ಕೊನೆಯ ಹತ್ತು ನಿಮಿಷ, ಉರಿ ಆರಿಸಿ ವರ್ಟ್ 80 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇಳಿದ ಮೇಲೆ, ಅಥವಾ ಹುದುಗು ಮುಗಿಯುತ್ತಾ ಬಂದಾಗ ತಣ್ಣಗಿನ ಬಿಯರಿಗೆ. ಕೊನೆಯದೇ ಡ್ರೈ ಹಾಪಿಂಗ್. ಇಲ್ಲಿ 'ಡ್ರೈ' ಅಂದರೆ ಒಣಗಿಸಿದ ಹಾಪ್ ಅಂತಲ್ಲ! ಕೊಯ್ದ ಹಾಪನ್ನು ಹೆಚ್ಚುಕಮ್ಮಿ ಎಲ್ಲವನ್ನೂ ಒಣಗಿಸಿಯೇ ಮಾರುತ್ತಾರೆ. ಒಣಗಿಸದೆ ಹಾಕುವುದಕ್ಕೆ ವೆಟ್ ಹಾಪ್ ಅನ್ನುತ್ತಾರೆ. ಡ್ರೈ ಹಾಪನ್ನು ಮೂರ್ನಾಲ್ಕು ದಿನ ಬಿಟ್ಟರೆ ಸಾಕು, ವಾರಗಟ್ಟಲೆ ಬಿಟ್ಟರೆ ಹುಲ್ಲಿನ ರುಚಿ ಬರುತ್ತದೆ.

ಪ್ಯಾಕೆಟ್ ಮೇಲೆ ಮೊದಲು ಬೆಳೆಯ ವರ್ಷ ನೋಡಿ, ತಳಿಯ ಹೆಸರು ಆಮೇಲೆ. ಪೆಲೆಟ್ (ಪುಡಿ ಮಾಡಿ ಒತ್ತಿದ ಹಾಪ್ ಗುಳಿಗೆ) ಆದರೂ ಎರಡನ್ನು ಪುಡಿ ಮಾಡಿ ಅಂಗೈಯಲ್ಲಿ ಉಜ್ಜಬಹುದು. ಹಳಸಿದ ಚೀಸ್ ನಾತ ಬಂದರೆ ಅದನ್ನು ಡ್ರೈ ಹಾಪಿಂಗ್‌ಗೆ ಬಳಸಬೇಡಿ.